ಕರಿಂಡಿಯ ಒಂದು ಸಾಲು

ಕೆಲಸ ಹೇಗಿತ್ತು ಎಂದು ಕೇಳಿಕೊಂಡು ನಮ್ಮ ಮನೆಗೆ ಆಗಾಗ ಹುಡುಗಿಯರು ಬರುತ್ತಾರೆ. ಕಾಲೇಜಿನಲ್ಲಿ ಜರ್ನಲಿಸಂ ಓದುವವರು. ನಾನು ಕನ್ನಡದಲ್ಲಿ ಮಾತಾಡಿದರೆ ಅವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಜೊತೆಗೆ ಬಂದ ಅಮ್ಮಂದಿರು ಸೋಫಾದ ಅಂಚಿನಲ್ಲಿ ಕುಳಿತು, ‘ಈ ಫೀಲ್ಡಲ್ಲಿ ಸ್ಕೋಪ್ ಇದೆಯಾ, ನೀವೇ ಹೇಳಿ ಆಂಟಿ’ ಎನ್ನುತ್ತಾರೆ. ಸ್ಕೋಪಿನ ವಿಷಯ ನನಗೆ ಗೊತ್ತಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಹೆದರಿಕೆ. ಎರಡು ಸಾವಿರದ ಹತ್ತರ ದಶಕದ ಬಹುಪಾಲು ನಾನು ಹ್ಯೂಸ್ಟನ್ನಿನ ಒಂದು ಪುಟ್ಟ ವಾರಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದೆ. ಪತ್ರಿಕೆ ಶುಕ್ರವಾರ ಹೊರಬೀಳುತ್ತಿತ್ತು. ಅಷ್ಟೂ ವರ್ಷ ಗುರುವಾರ ಸಂಜೆ ನನಗೆ ಅನ್ನ ಸೇರಿದ್ದಿಲ್ಲ.

ಅದು ಅರ್ಧ ಇಂಗ್ಲಿಷ್, ಅರ್ಧ ಸ್ಪ್ಯಾನಿಶ್ ಪತ್ರಿಕೆ. ದಿನಸಿ ಅಂಗಡಿ, ಟಾಕೊ ಅಂಗಡಿ, ಲಾಂಡ್ರಿಗಳ ಬಾಗಿಲಲ್ಲಿ ಪುಕ್ಕಟೆ ಇಡುವಂಥದ್ದು. ಅದರ ಸಂಪಾದಕರು ಅಂತೋನ್, ಎಪ್ಪತ್ತರ ಹತ್ತಿರದ ವಯಸ್ಸು, ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದವರು. ಅವರನ್ನು ‘ಸ್ಪ್ಯಾನಿಶ್ ಮನುಷ್ಯ’ ಎಂದು ಯಾರಾದರೂ ಪರಿಚಯಿಸಿದರೆ ಮುಖ ಗಂಟಿಕ್ಕುತ್ತಿದ್ದರು. ಅವರ ಮನೆಮಾತು ಗಲೀಸಿಯನ್. ಅದು ಬೇರೆಯೇ ಭಾಷೆ. ಅವರ ಬಾಲ್ಯದಲ್ಲಿ ಅಲ್ಲಿ ಸರ್ವಾಧಿಕಾರಿಯ ಆಡಳಿತ. ಶಾಲೆಯಲ್ಲಿ ಮನೆಮಾತು ಆಡಿದರೆ ಮೇಷ್ಟ್ರು ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರಂತೆ. ತಂದೆ ಮೀನು ದೋಣಿಯವರು, ತಾಯಿ ಕಡಲು ಹಿಂದೆ ಸರಿದಾಗ ಮರಳು ಕೆದಕಿ ಚಿಪ್ಪು ಆಯುತ್ತಿದ್ದವರು. ಇಪ್ಪತ್ತೆರಡಕ್ಕೆ ಕಡಲೂರಿನ ದಿನಪತ್ರಿಕೆ ಸೇರಿದರು. ಅಲ್ಲಿ ಏನೋ ಆಗಿ ಹಡಗು ಹತ್ತಿದರು. ಮೆಕ್ಸಿಕೋದಲ್ಲಿ ಬಹಳ ವರ್ಷ ಇದ್ದು ಕೊನೆಗೆ ಹ್ಯೂಸ್ಟನ್ನಿಗೆ ಬಂದರು. ಆ ‘ಏನೋ’ ಏನೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವರು ಕಥೆಗಾರರೂ ಹೌದು. ಅವರ ಭಾಷೆಯಲ್ಲಿ ಮೂರು ಸಂಕಲನಗಳು ಊರಲ್ಲಿ ಅಚ್ಚಾಗಿದ್ದವು. ಓದುಗರು ಎಷ್ಟು ಎಂದು ಒಮ್ಮೆ ಕೇಳಿದೆ. ‘ಇಬ್ಬರು. ನನ್ನ ತಂಗಿ, ಅವಳ ಗಂಡ. ಗಂಡ ಓದಿದ್ದಾನೆ ಅನ್ನುವುದರಲ್ಲಿ ನನಗೆ ಅನುಮಾನ’ ಎಂದರು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗಲೂ ಡಿಗ್ರಿ ಕೇಳಲಿಲ್ಲ. ಆಗ ನನಗೆ ನಲವತ್ತೇಳು; ಮಕ್ಕಳು ಕಾಲೇಜಿಗೆ ಹೋಗಿಯಾಗಿತ್ತು; ಮದುವೆಗೆ ಮುಂಚೆ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಎರಡು ವರ್ಷ ಕರಡು ತಿದ್ದಿದ್ದೇ ನನ್ನ ಅನುಭವ. ‘ನಿನ್ನ ಭಾಷೆಯಲ್ಲಿ ಏನಾದರೂ ಬರೆಯುತ್ತೀಯಾ?’ ಎಂದು ಕೇಳಿದರು. ‘ಡೈರಿ ಬರೆಯುತ್ತೇನೆ’ ಎಂದೆ. ‘ನಾಳೆಯಿಂದ ಬಾ’ ಎಂದರು.

ಮೊದಲ ವರ್ಷವೇ ಎಡವಿದೆ. ಡಾಲಸ್‌ನಲ್ಲಿ ನಮ್ಮವರ ರಾಜ್ಯೋತ್ಸವ. ನಾಲ್ಕು ಗಂಟೆ ಡ್ರೈವ್ ಮಾಡಲು ಮೈಗಳ್ಳತನ. ಮುಂಚೆಯೇ ಕಾರ್ಯಕ್ರಮ ಪಟ್ಟಿ ತರಿಸಿಕೊಂಡು, ‘ಮುಖ್ಯ ಅತಿಥಿಗಳ ಭಾಷಣಕ್ಕೆ ಸಭಿಕರು ಮನಸೋತರು’ ಎಂದು ಬರೆದು ಒಗೆದೆ. ಮುಖ್ಯ ಅತಿಥಿಗಳ ವಿಮಾನ ರದ್ದಾಗಿ ಅವರು ಬಂದೇ ಇರಲಿಲ್ಲ! ಅಂತೋನ್ ಬಯ್ಯಲಿಲ್ಲ. ‘ಲಿಟಲ್ ಎಲ್ಮ್‌ನಲ್ಲಿ ಡಾಲಸ್ ಸಂಘದ ಕಾರ್ಯದರ್ಶಿ ಇದ್ದಾನಲ್ಲ, ಅವನ ಮನೆಗೆ ಹೋಗಿ ಕ್ಷಮೆ ಕೇಳಿ ಬಾ. ಫೋನಿನಲ್ಲಿ ಅಲ್ಲ’ ಎಂದರು. ಹೋದೆ. ಕಾರ್ಯದರ್ಶಿಯ ಹೆಂಡತಿ ಚಹಾ ಕೊಟ್ಟು, ‘ಹೋಗ್ಲಿ ಬಿಡ್ರಿ, ಬಂದಿದ್ರೂ ಯಾರ ಕೇಳ್ತಿದ್ರು ಅವರ ಭಾಷಣ’ ಎಂದರು. ನಕ್ಕು ಬಂದೆ. ನಗುವಂಥ ತಪ್ಪು ನನ್ನ ವೃತ್ತಿಯಲ್ಲಿ ಅದೊಂದೇ.

ಈಗ ಅಂತೋನ್ ಅವರ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನಮ್ಮಲ್ಲಿ ಹೆಸರು ಮರೆಸಿ ಬರೆಯಬೇಕಾದ ವರದಿಗಳು ಬಹಳ. ಕಾಗದಪತ್ರ ಇಲ್ಲದವರು, ಯಜಮಾನನಿಗೆ ಹೆದರುವವರು, ಗಂಡನ ಏಟು ತಿನ್ನುವವರು. ಬೇರೆ ಪತ್ರಿಕೆಗಳಲ್ಲಿ ಹೆಸರು ಬದಲಿಸಿದರೆ ಮುಗಿಯಿತು. ಅಂತೋನ್ ಹಾಗಲ್ಲ. ಅಚ್ಚಿಗೆ ಹೋಗುವ ಮುಂಚೆ ಆ ಬರಹವನ್ನು ಆ ವ್ಯಕ್ತಿಯ ಊರ ಕಡೆಯವರೊಬ್ಬರಿಗೆ ಓದಿಸಬೇಕು. ಇದು ಯಾರು ಹೇಳು ಎಂದು ಕೇಳಬೇಕು. ಓದಿದವರು ಗುರುತು ಹಿಡಿದರೆ ಬರಹ ರದ್ದು. ನಾನು ಅದಕ್ಕೆ ‘ಊರಗಣ್ಣು’ ಎಂದು ಹೆಸರಿಟ್ಟಿದ್ದೆ. ಒಮ್ಮೆ ಹೊಂಡುರಾಸ್‌ನ ಚಾವಣಿ ಕೆಲಸದವನ ಬಗ್ಗೆ ಒಳ್ಳೆಯ ವರದಿ ಬಂದಿತ್ತು. ಅಂತೋನ್ ಅದನ್ನು ಅವನ ಊರ ಕಡೆಯವಳೇ ಆದ ಟಾಕೊ ಅಂಗಡಿಯಾಕೆಗೆ ಕೊಟ್ಟರು. ಆಕೆ ಅರ್ಧಕ್ಕೇ ನಕ್ಕು, ‘ಹುಂಜಕ್ಕೆ ಅತ್ತೆಯ ಹೆಸರಿಟ್ಟವನು ಅವನೊಬ್ಬನೇ ಅಲ್ಲವಾ!’ ಎಂದಳು. ಅಂತೋನ್ ಹಾಳೆಯನ್ನು ಆಕೆಯ ಒಲೆಗೇ ಹಾಕಿದರು. ಬರೆದ ಹುಡುಗ ಅಳುವುದೊಂದು ಬಾಕಿ.

ಗಂಗವ್ವನನ್ನು ನಾನು ಕಂಡದ್ದು ಹ್ಯೂಸ್ಟನ್ನಿನ ಅಂಚಿನ ಸೈಪ್ರೆಸ್‌ನ ಒಂದು ದೊಡ್ಡ ಮನೆಯ ಅಡುಗೆಮನೆಯಲ್ಲಿ. ಆ ಮನೆಯ ಗಂಡ ಹೆಂಡತಿ ಇಬ್ಬರೂ ಡಾಕ್ಟರು, ನಮ್ಮ ಕಡೆಯವರೇ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ನಮ್ಮನ್ನೆಲ್ಲ ಕರೆದು ಬಾಯ್ತುಂಬ ಊಟ ಹಾಕುವವರು. ಅಡುಗೆ ಮಾಡುತ್ತಿದ್ದವಳು ಗಂಗವ್ವ, ಗದಗಿನ ಹತ್ತಿರದ ಹಳ್ಳಿಯ ವಿಧವೆ, ಐವತ್ತರ ಆಸುಪಾಸು. ‘ನಮ್ಮ ಮನೀ ಮಂದಿ ಇದ್ದಂಗ’ ಎನ್ನುತ್ತಿದ್ದರು ಡಾಕ್ಟರಮ್ಮ. ನಾನೂ ನಂಬಿದ್ದೆ. ಒಂದು ದೀಪಾವಳಿಯಲ್ಲಿ ನೀರಿಗೆಂದು ಒಳಗೆ ಹೋದಾಗ ಅವಳು ನನ್ನ ಸೆರಗು ಹಿಡಿದಳು.

‘ಅಕ್ಕಾರ, ನೀವು ಪೇಪರಿನವರಂತ ಹೌದ್ರೀ?’

‘ಹೌದವಾ.’

‘ನನ್ನ ಪಾಸ್‌ಪೋರ್ಟ್ ಅವರ ತಿಜೋರ್ಯಾಗ ಐತ್ರಿ. ಆರು ವರ್ಷ ಆತು. ಈ ಮನೀ ಮುಂದಿನ ಬಾಗಿಲ ದಾಟಿಲ್ಲ ನಾ.’

ಅಷ್ಟು ಹೇಳಿ ಪಾತ್ರೆ ತಿಕ್ಕತೊಡಗಿದಳು. ಆಮೇಲೆ ಮೂರು ಸಲ, ಮೂರು ಹಬ್ಬಗಳಲ್ಲಿ, ತುಂಡು ತುಂಡಾಗಿ ಉಳಿದದ್ದು ಹೇಳಿದಳು. ಫೋನು ಸ್ಪೀಕರಿನಲ್ಲಿಟ್ಟು, ಡಾಕ್ಟರಮ್ಮನ ಎದುರಿಗೇ ಮಗಳ ಜೊತೆ ಮಾತಾಡಬೇಕು. ಮಗಳು ಶಾಂತಾ ಗದಗಿನಲ್ಲಿ ಡಾಕ್ಟರ ತಮ್ಮನ ಮನೆಯಲ್ಲೇ ಇದ್ದು ಕಾಲೇಜು ಓದುತ್ತಿದ್ದಳು. ‘ನಾ ಇಲ್ಲಿ ಬಾಯಿ ಬಿಟ್ಟರ ಅಲ್ಲಿ ಕೂಸಿಗೆ ಏನ ಮಾಡ್ತಾರೋ’ ಎನ್ನುವುದೇ ಅವಳ ದಿಗಿಲು. ಒಂದು ಸಲ ಯಾರೋ ನೆರೆಯವರು ಪೊಲೀಸರನ್ನು ಕಳಿಸಿದ್ದರಂತೆ. ಡಾಕ್ಟರಮ್ಮ ಪಕ್ಕದಲ್ಲೇ ನಿಂತಿದ್ದರು, ಇವಳು ತಲೆ ತಗ್ಗಿಸಿ ‘ಆರಾಮ ಅದೀನಿ’ ಎಂದಳಂತೆ. ನಾನು ಚಿಕ್ಕ ನೋಟ್‌ಬುಕ್ಕಿನಲ್ಲಿ ಎಲ್ಲ ಗುರುತು ಹಾಕಿಕೊಳ್ಳುತ್ತಿದ್ದೆ. ಹೋಗುವಾಗ ಪ್ರತಿ ಸಲ ಅವಳ ಮಾತು ಒಂದೇ: ‘ನನ್ನ ಹೆಸರ ಬರೀಬ್ಯಾಡ್ರಿ ಅಕ್ಕಾರ.’

ಅಂತೋನ್ ಇಂಥ ಪ್ರಕರಣ ನೋಡುವ ಒಬ್ಬ ವಕೀಲೆಯ ಹತ್ತಿರ ನನ್ನನ್ನು ಕಳಿಸಿದರು. ವಕೀಲೆ ಸ್ಪಷ್ಟವಾಗಿ ಹೇಳಿದಳು: ‘ಆಕೆ ತನ್ನ ಕಾಲಿನ ಮೇಲೆ ನಡೆದು ಹೊರಗೆ ಬಂದರೆ ಆ ಕ್ಷಣದಿಂದ ನಾನು ನೋಡಿಕೊಳ್ಳುತ್ತೇನೆ. ನೀವು ಎಳೆದು ತರಬೇಡಿ. ಒಳಗಿರುವಷ್ಟು ದಿನ ಅವರಿಗೆ ಸುಳಿವು ಸಿಗಬಾರದು. ಸಿಕ್ಕರೆ ರಾತ್ರೋರಾತ್ರಿ ಬೇರೆ ರಾಜ್ಯದ ಯಾವುದೋ ಮನೆಗೆ ಸಾಗಿಸುತ್ತಾರೆ.’

ಆ ಸಮಯದಲ್ಲೇ ನಮ್ಮ ಪತ್ರಿಕೆ ಮನೆಗೆಲಸದ ಹೆಂಗಸರ ಬಗ್ಗೆ ದೊಡ್ಡ ಲೇಖನ ತರುತ್ತಿತ್ತು. ಫಿಲಿಪೀನ್ಸಿನವಳೊಬ್ಬಳು, ಗ್ವಾಟೆಮಾಲಾದವಳೊಬ್ಬಳು, ಮೂರನೆಯವಳು ಗಂಗವ್ವ. ನನ್ನ ಭಾಗದಲ್ಲಿ ಹೆಸರಿಲ್ಲ, ಊರಿಲ್ಲ, ಡಾಕ್ಟರು ಎಂಬ ಮಾತಿಲ್ಲ, ಸೈಪ್ರೆಸ್ ಇಲ್ಲ. ಆದರೆ ಒಂದು ಸಾಲು ಇತ್ತು. ಗ್ಯಾರೇಜಿನಲ್ಲಿ ಬಟ್ಟೆ ಒಗೆಯುವ ಮಷೀನಿನ ಪಕ್ಕ, ಬಿಳಿ ಬಟ್ಟೆ ಕಟ್ಟಿದ ಗಾಜಿನ ಭರಣಿಯಲ್ಲಿ, ಆಕೆ ಹಸಿಮೆಣಸಿನಕಾಯಿ, ಅಗಸಿಬೀಜ ಅರೆದು ಗಜ್ಜರಿ, ಸೌತೆಕಾಯಿ ಹಾಕಿ ಹುಳಿ ಬರಲು ಇಡುತ್ತಾಳೆ; ದಿನದಲ್ಲಿ ಅವಳು ಒಬ್ಬಳೇ ನಿಲ್ಲುವುದು ಆ ಭರಣಿಯ ಮುಂದೆ ಮಾತ್ರ, ಎಂದು.

ಕರಿಂಡಿ! ನಮ್ಮ ಧಾರವಾಡದ ಮನೆಯಲ್ಲಿ ಚಳಿಗಾಲದಲ್ಲಿ ಅವ್ವ ಮಾಡುತ್ತಿದ್ದಳು. ಆ ಸಾಲು ಬರೆದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಇಡೀ ಲೇಖನದಲ್ಲಿ ನಾನು ಮೆಚ್ಚಿದ ಸಾಲು ಅದೊಂದೇ. ಹುಡುಗಿಯರೇ, ನಿಮ್ಮ ಬರಹದಲ್ಲಿ ನಿಮಗೇ ಬಹಳ ಮುದ್ದು ಬರುವ ಸಾಲು ಇದ್ದರೆ ಅದರ ಮೇಲೆ ಅನುಮಾನ ಇಟ್ಟುಕೊಳ್ಳಿ.

‘ಊರಗಣ್ಣು ಆಯಿತಾ?’ ಎಂದು ಅಂತೋನ್ ಕೇಳಿದರು. ಆಯಿತು ಎಂದೆ. ಸುಳ್ಳೇನಲ್ಲ, ನಮ್ಮ ಮನೆಯವರಿಗೆ ಓದಿಸಿದ್ದೆ. ನಮ್ಮ ಮನೆಯವರು ಮೈಸೂರಿನವರು. ಆ ಡಾಕ್ಟರ ಮನೆಯಲ್ಲಿ ಹತ್ತು ಸಲ ಉಂಡಿದ್ದಾರೆ, ಆದರೆ ತಟ್ಟೆಯಲ್ಲಿ ಕರಿಂಡಿ ಕಂಡರೆ ‘ಇದೇನೇ ಹುಳಿ ನಾತ, ಕೆಟ್ಟುಹೋಗಿದೆ’ ಎಂದು ಪಕ್ಕಕ್ಕೆ ಸರಿಸುವವರು. ಓದಿ, ‘ಪಾಪ, ಯಾರೋ ಏನೋ, ಗೊತ್ತಾಗಲ್ಲ ಬಿಡು’ ಎಂದರು. ಉತ್ತರ ಕರ್ನಾಟಕದ ಒಬ್ಬರಿಗೆ, ಒಬ್ಬರಿಗಾದರೂ ಓದಿಸಬೇಕಿತ್ತು. ಓದಿಸಲಿಲ್ಲ. ಯಾರಿಗೂ ಸುಳಿವು ಸಿಗಬಾರದು ಎಂಬ ಎಚ್ಚರಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಆ ಸಾಲು ತೆಗೆಯಬೇಕಾದೀತು ಎಂಬ ಹೆದರಿಕೆ ಒಳಗೇ ಇತ್ತೇನೋ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಫೋನು ಬಂತು. ಡಾಲಸ್ ಹತ್ತಿರದ ಮೆಕಿನ್ನಿಯಲ್ಲಿರುವ ಪುಷ್ಪಾ, ಧಾರವಾಡದಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವಳು. ವೆಬ್‌ಸೈಟಿನಲ್ಲಿ ಓದಿದ್ದಳು.

‘ಏ ಸುಮಿ, ಭಾಳ ಚಂದ ಬರದೀ. ಆದ್ರ ಅಲ್ಲs, ಅದು ಸೈಪ್ರೆಸ್ ಡಾಕ್ಟರ್ ಮನೀ ಗಂಗವ್ವ ಅಲ್ಲೇನು?’

‘ಯಾರ ಹೇಳಿದ್ರು ನಿನಗ?’

‘ಯಾರ ಹೇಳಬೇಕು? ಇಡೀ ಟೆಕ್ಸಾಸ್‌ನಾಗ ಬಾರಾ ತಿಂಗಳು ಕರಿಂಡಿ ಮತ್ತ ಯಾರ ಮನ್ಯಾಗ ಸಿಗತದ? ಯುಗಾದಿಗೆ ನಾವೆಲ್ಲ ಡಬ್ಬಿ ತುಂಬಿಸಿಕೊಂಡು ಬಂದಿದ್ವಲ್ಲs! ... ಯವ್ವಾ. ಸುಮಿ, ಇವತ್ತ ಶ್ರಾವಣ ಶುಕ್ರವಾರ.’

ಅವತ್ತು ಸಂಜೆ ನಾಲ್ಕಕ್ಕೆ ಅದೇ ಮನೆಯಲ್ಲಿ ಅರಿಶಿನ ಕುಂಕುಮ. ನನಗೂ ಕರೆ ಇತ್ತು. ಹೂವು, ವೀಳ್ಯದೆಲೆ ತರಲು ಎಲ್ಲರೂ ಇಂಡಿಯನ್ ಗ್ರೋಸರಿಗೆ ಹೋಗುವ ದಿನ, ನಮ್ಮ ಪತ್ರಿಕೆ ಆ ಗ್ರೋಸರಿಗಳ ಬಾಗಿಲಲ್ಲೇ ಇರುವ ದಿನ. ಎರಡನ್ನೂ ನಾನು ಒಟ್ಟಿಗೆ ಯೋಚಿಸಿಯೇ ಇರಲಿಲ್ಲ.

ಅಂತೋನ್‌ಗೆ ಎಲ್ಲ ಹೇಳಿದೆ. ಅವರು ಒಂದು ಮಾತೂ ಬಯ್ಯದೆ ವೆಬ್‌ಸೈಟಿನಿಂದ ಲೇಖನ ತೆಗೆಸಿದರು, ಪಿಕಪ್ ಟ್ರಕ್ಕಿನ ಕೀಲಿ ತೆಗೆದುಕೊಂಡರು. ಬಯ್ದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನದವರೆಗೆ ಅಂಗಡಿಯಿಂದ ಅಂಗಡಿಗೆ ಹೋಗಿ ಪತ್ರಿಕೆಯ ಕಟ್ಟು ಎತ್ತಿ ಟ್ರಕ್ಕಿನ ಹಿಂದೆ ಎಸೆದೆವು. ಆಗಸ್ಟಿನ ಬಿಸಿಲು, ಮುದುಕರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಪ್ರತಿ ಅಂಗಡಿಯಲ್ಲೂ ಕಟ್ಟಿನ ಮೇಲಿನ ಐದಾರು ಪ್ರತಿ ಅಷ್ಟರಲ್ಲೇ ಖಾಲಿ. ಅವು ಯಾರ ಕೈಗೆ ಹೋದವು? ಆ ಲೆಕ್ಕ ಹಾಕುತ್ತ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಅತ್ತ ಪುಷ್ಪಾ ಸುಮ್ಮನೆ ಕೂರಲಿಲ್ಲ. ಗಂಗವ್ವ ಗುಟ್ಟಾಗಿ ನನಗೆ ಕೊಟ್ಟಿದ್ದ ಶಾಂತಾಳ ನಂಬರನ್ನು ಅವಳಿಗೆ ಕೊಟ್ಟೆ. ಅಲ್ಲಿ ಆಗ ಸಂಜೆ. ಪುಷ್ಪಾಳ ತಮ್ಮ, ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಧಾರವಾಡದಿಂದ ಗದಗಿಗೆ ಹೊರಟ. ಆ ಹುಡುಗಿ ಅಪರಿಚಿತರನ್ನು ನಂಬುತ್ತಾಳಾ? ನಂಬದೆ ಮನೆಯವರಿಗೆ ಹೇಳಿಬಿಟ್ಟರೆ? ಹೇಳಿದರೆ ಎಲ್ಲ ಮುಗಿಯಿತು, ನಾವು ಸೈಪ್ರೆಸ್ ತಲುಪುವುದರೊಳಗೆ ಗಂಗವ್ವ ಆ ಮನೆಯಲ್ಲಿ ಇರುವುದಿಲ್ಲ.

ಒಂದು ಸಿಗ್ನಲ್ಲಿನಲ್ಲಿ ಟ್ರಕ್ಕು ನಿಂತಾಗ ಅಂತೋನ್ ಮಾತಾಡಿದರು. ಆ ‘ಏನೋ’ ಏನೆಂದು ಅವತ್ತು ಗೊತ್ತಾಯಿತು. ಅವರ ಕಡಲೂರಿನಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆ. ಅಲ್ಲಿನ ಹೆಂಗಸರು ಕದ್ದುಮುಚ್ಚಿ ಸಭೆ ಸೇರುತ್ತಿದ್ದರು. ಅವರ ಮುಂದಾಳಿನ ಬಗ್ಗೆ ಅಂತೋನ್ ಹೆಸರಿಲ್ಲದೆ ಬರೆದರು, ಗಡಿಯಾಚೆ ಅಚ್ಚಾಗಿ ಕಳ್ಳತನದಲ್ಲಿ ಬರುವ ಪತ್ರಿಕೆಗೆ.

‘ಎಲ್ಲ ಮರೆಸಿದ್ದೆ. ತಲೆವಸ್ತ್ರದ ಗಂಟನ್ನು ಗಲ್ಲದ ಕೆಳಗಲ್ಲ, ಎಡಗಿವಿಯ ಮೇಲೆ ಕಟ್ಟುತ್ತಾಳೆ ಅಂತ ಮಾತ್ರ ಬರೆದೆ. ನೋಡಲು ಚಂದ ಇತ್ತು.’

‘ಆಮೇಲೆ?’

‘ನಾಲ್ಕೇ ದಿನದಲ್ಲಿ ಪೊಲೀಸರು ಅವಳನ್ನು ಹಿಡಿದುಕೊಂಡು ಹೋದರು. ಮೂರು ವರ್ಷ ಒಳಗಿದ್ದಳು. ನಾನು ಹಡಗು ಹತ್ತಿದೆ. ಬಿಡುಗಡೆಯಾದ ಮೇಲೆ ಪ್ರತಿ ವರ್ಷ ಅವಳಿಗೆ ಒಂದು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.’

ಹಸಿರು ದೀಪ ಬಿತ್ತು. ಹಿಂದಿನವರು ಹಾರ್ನ್ ಹೊಡೆಯುವವರೆಗೆ ಅವರು ಟ್ರಕ್ಕು ಮುಂದೆ ಬಿಡಲಿಲ್ಲ.

ಒಂದು ಗಂಟೆಯ ಸುಮಾರಿಗೆ ಪುಷ್ಪಾಳಿಂದ ವಾಟ್ಸಾಪ್ ಬಂತು. ಶಾಂತಾ ನೋಟ್ಸ್ ಝೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆಂದು ಹೊರಬಿದ್ದು, ಮೂಲೆಯಲ್ಲಿ ನಿಂತಿದ್ದ ಕಾರು ಹತ್ತಿದ್ದಳು. ಈಗ ಧಾರವಾಡದಲ್ಲಿ ಪುಷ್ಪಾಳ ತವರಿನಲ್ಲಿದ್ದಳು. ಜೊತೆಗೆ ಶಾಂತಾಳ ಧ್ವನಿಯ ಒಂದು ಮೆಸೇಜು. ಟ್ರಕ್ಕಿನಲ್ಲೇ ಕೇಳಿದೆ. ಅಂತೋನ್‌ಗೆ ಒಂದಕ್ಷರ ಅರ್ಥವಾಗದಿದ್ದರೂ ಎರಡು ಸಲ ಹಾಕಿಸಿ ಕೇಳಿದರು. ಪತ್ರಿಕೆಯ ಬಹಳಷ್ಟು ಪ್ರತಿ ನಮ್ಮ ಹಿಂದೆ ಟ್ರಕ್ಕಿನಲ್ಲಿದ್ದವು, ಹುಡುಗಿ ಸುರಕ್ಷಿತವಾಗಿದ್ದಳು. ಸ್ವಲ್ಪ ಉಸಿರು ಬಂತು.

ನಾಲ್ಕಕ್ಕೆ ರೇಷ್ಮೆ ಸೀರೆ ಉಟ್ಟು ಆ ಮನೆಯ ಮುಂದೆ ಇಳಿದೆ. ಅಂತೋನ್ ಟ್ರಕ್ಕನ್ನು ರಸ್ತೆಯಂಚಿಗೆ ನಿಲ್ಲಿಸಿಕೊಂಡು ಕುಳಿತರು. ಬಾಗಿಲಲ್ಲಿ ಡಾಕ್ಟರಮ್ಮ, ಬಾಯಿ ತುಂಬ ನಗು.

‘ಬರ್ರಿ ಬರ್ರಿ ಸುಮಿತ್ರಾ. ಒಬ್ಬರೇ? ಯಾರ ಬಿಟ್ಟು ಹೋದ್ರು?’

‘ಆಫೀಸಿನವರ್ರೀ. ಕಾಯ್ತಾರ. ನನಗ ಮೊಣಕಾಲು ಭಾಳ ಹಿಡದದ, ಡ್ರೈವ್ ಮಾಡಾಕ ಆಗವಲ್ದು.’

ಒಳಗೆ ಇಪ್ಪತ್ತು ಹೆಂಗಸರು. ಮಲ್ಲಿಗೆಯ ವಾಸನೆ, ಬಳೆಯ ಸದ್ದು, ನಗು. ನಾನು ಒಬ್ಬೊಬ್ಬರ ಮುಖ ನೋಡುತ್ತ, ಇವಳು ಓದಿದ್ದಾಳಾ, ಅವಳು ಓದಿದ್ದಾಳಾ ಎಂದು ಹುಡುಕುತ್ತಿದ್ದೆ. ಯಾರು ನಕ್ಕರೂ ಅತ್ತ ತಿರುಗುತ್ತಿದ್ದೆ. ವಿಧವೆಯೆಂದು ಗಂಗವ್ವ ಹೊರಗೆ ಬರುವಂತಿರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಇನ್ನೂ ಇದ್ದಾಳೆ ಎಂಬುದಕ್ಕೆ ಆ ಸದ್ದೊಂದೇ ಸಾಕ್ಷಿ.

ಆಗ ಹೊಸದಾಗಿ ಆಸ್ಟಿನ್‌ನಿಂದ ಶಿಫ್ಟ್ ಆಗಿದ್ದ ಒಬ್ಬ ಹುಡುಗಿ ಒಳಗೆ ಬಂದು, ‘ಆಂಟಿ, ನೀವು ಹೇಳಿದ್ದ ವೀಳ್ಯದೆಲೆ’ ಎಂದು ಒಂದು ಪೊಟ್ಟಣವನ್ನು ದೇವರ ಮುಂದಿನ ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಬಿಚ್ಚಿದರು. ಅಂಗಡಿಯವನು ಎಲೆಗೆ ನೀರು ಚಿಮುಕಿಸಿ ನಮ್ಮ ಪತ್ರಿಕೆಯಲ್ಲೇ ಸುತ್ತಿಕೊಟ್ಟಿದ್ದ! ಮೇಜಿನ ಮೇಲೆ ಹರಡಿಕೊಂಡದ್ದು ನನ್ನದೇ ಪುಟ. ತಲೆಬರಹ, ಅದರ ಕೆಳಗೆ ನನ್ನ ಹೆಸರು, ಎರಡೂ ಒದ್ದೆಯಾಗಿ ಇನ್ನಷ್ಟು ಕಪ್ಪಾಗಿ ಎದ್ದು ಕಾಣುತ್ತಿದ್ದವು.

‘ಅಯ್ಯ, ಇದು ನಿಮ್ಮದs ಪೇಪರ್ ಅಲ್ರೀ? ನೋಡ್ರಿ, ನಿಮ್ಮ ಹೆಸರದ!’

‘ಒದ್ದೆ ಆಗೇದ ಬಿಡ್ರಿ, ಒಗೀತೀನಿ’ ಎಂದು ಕೈ ಚಾಚಿದೆ.

‘ಏ, ಒಗಿಯೂದ್ಯಾಕ? ನಿಮ್ಮ ಬರಹ ಅಂದ್ರ ಓದಬ್ಯಾಡೇನು? ಚಷ್ಮಾ ಮ್ಯಾಲೆ ಅದ. ಎಲ್ಲಾರೂ ಹೋದ ಮ್ಯಾಲೆ ಆರಾಮಾಗಿ ಓದ್ತೀನಿ.’

ಹಾಳೆಯನ್ನು ಅಚ್ಚುಕಟ್ಟಾಗಿ ಮಡಿಸಿ ಫ್ರಿಜ್ಜಿನ ಮೇಲಿಟ್ಟರು. ಬೆರಳ ಅರಿಶಿನ ಅದರ ಅಂಚಿಗೆ ಹತ್ತಿತ್ತು. ಎಲ್ಲರೂ ಹೋದ ಮೇಲೆ! ಅಂದರೆ ಹೆಚ್ಚೆಂದರೆ ಒಂದು ಗಂಟೆ.

ನೀರಿನ ನೆಪದಲ್ಲಿ ಅಡುಗೆಮನೆಗೆ ಹೋದೆ. ಗಂಗವ್ವನಿಗೆ ಏನೂ ಗೊತ್ತಿರಲಿಲ್ಲ. ಫೋನನ್ನು ಅವಳ ಕಿವಿಗೆ ಹಿಡಿದೆ.

‘ಅವ್ವಾ, ನಾ ಶಾಂತಾ. ನಾ ಅವರ ಮನ್ಯಾಗ ಇಲ್ಲ. ಧಾರವಾಡದಾಗ ಅದೀನಿ, ಅಜ್ಜೀ ಒಬ್ಬಾಕಿ ಅದಾಳ, ಊಟಕ್ಕ ಹಾಕ್ಯಾಳ. ನೀ ನನ್ನ ಚಿಂತಿ ಮಾಡಬ್ಯಾಡ. ನೀ ಹೊರಗ ಬಾ ಅವ್ವಾ.’

ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅವಳು ಒಲೆ ಆರಿಸಿದಳು. ನಾನು ಪಿಸುದನಿಯಲ್ಲಿ, ‘ನನ್ನಿಂದ ತಪ್ಪಾಗೇತಿ ಗಂಗವ್ವ. ಇನ್ನೊಂದು ತಾಸಿಗೆ ಅವರಿಗೆ ಗೊತ್ತಾಗತೈತಿ. ಹೊರಗ ಗಾಡಿ ಐತಿ. ಬರೂದು ಬಿಡೂದು ನಿನಗs ಬಿಟ್ಟದ್ದು’ ಎಂದೆ.

ಅವಳು ಗ್ಯಾರೇಜಿಗೆ ಹೋಗಿ ಕರಿಂಡಿಯ ಭರಣಿ ತಂದು ಒಂದು ದೊಡ್ಡ ಡಬ್ಬಿಗೆ ಪೂರ್ತಿ ಬಗ್ಗಿಸತೊಡಗಿದಳು. ಬರುತ್ತಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೊರಗೆ ಬಂದು ಕುಳಿತೆ.

ಉಡಿ ತುಂಬಿಸಿಕೊಂಡು ಹೊರಟಾಗ ಡಾಕ್ಟರಮ್ಮ, ‘ಕರಿಂಡಿ ಒಯ್ರಿ, ನಿಮಗ ಭಾಳ ಸೇರತದ’ ಎಂದರು. ನಾನು ಮೊಣಕಾಲು ಹಿಡಿದುಕೊಂಡು ಮುಖ ಹಿಂಡಿದೆ. ಅದು ನಾಟಕ. ಒಳಗೆ ಇನ್ನೂ ಅತಿಥಿಗಳಿದ್ದರು; ಅವರು ಬಾಗಿಲು ಬಿಡಲಾರದೆ ಅಡುಗೆಮನೆಯ ಕಡೆ ತಿರುಗಿ ತಾವೇ ಕೂಗಿದರು: ‘ಗಂಗವ್ವಾ, ಅಕ್ಕಾರಿಗೆ ಕಾಲು ನೋವಂತ. ಡಬ್ಬಿ ಗಾಡಿಗೆ ಇಟ್ಟು ಬಾ.’

ಮುಂದಿನ ಬಾಗಿಲಿನಿಂದ ಅವಳು ಹೊರಬಂದಳು. ಎರಡೂ ಕೈಯಲ್ಲಿ ಡಬ್ಬಿ. ಬರಿಗಾಲು. ಸಿಮೆಂಟು ಕಾದ ಹೆಂಚಾಗಿತ್ತು, ಆದರೆ ಅವಳು ಓಡಲಿಲ್ಲ. ನಾನೂ ಕುಂಟಬೇಕಲ್ಲ, ಓಡುವಂತಿರಲಿಲ್ಲ. ಬೆನ್ನ ಹಿಂದೆ ಡಾಕ್ಟರಮ್ಮ ಬಾಗಿಲಲ್ಲೇ ನಿಂತಿರುವುದು ಬಳೆಯ ಸದ್ದಿನಿಂದ ತಿಳಿಯುತ್ತಿತ್ತು. ಮೂವತ್ತು ಹೆಜ್ಜೆ ಇದ್ದೀತು. ಅಷ್ಟು ಉದ್ದದ ದಾರಿಯನ್ನು ನಾನು ಮತ್ತೆಂದೂ ನಡೆದಿಲ್ಲ. ಅಂತೋನ್ ಒಳಗಿನಿಂದ ಬಾಗಿಲು ತೆರೆದರು. ಗಂಗವ್ವ ಡಬ್ಬಿಯನ್ನು ಸೀಟಿನ ಮೇಲಿಟ್ಟಳು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಡಬ್ಬಿ ಸರಿಸಿ ತಾನೇ ಹತ್ತಿ ಕುಳಿತಳು.

‘ಗಂಗವ್ವಾ! ಏ ಗಂಗವ್ವಾ!’ ಎಂದು ಹಿಂದಿನಿಂದ ಕೂಗು ಬಂತು. ನಾನು ಹೇಗೆ ಹತ್ತಿದೆನೋ ನೆನಪಿಲ್ಲ. ವಕೀಲೆಯ ಆಫೀಸು ಮುಟ್ಟುವವರೆಗೆ ಗಂಗವ್ವ ಡಬ್ಬಿಯನ್ನು ತೊಡೆಯಿಂದ ಇಳಿಸಲಿಲ್ಲ.

ಮುಂದಿನ ಕಾನೂನಿನ ಕಥೆ ಉದ್ದ, ಅದನ್ನು ಬರೆಯಲಾರೆ. ಪಾಸ್‌ಪೋರ್ಟ್ ಬಂತು, ಗಂಗವ್ವನಿಗೆ ಇಲ್ಲೇ ಇರಲು ಅನುಮತಿ ಸಿಕ್ಕಿತು, ಶಾಂತಾ ಧಾರವಾಡದಲ್ಲೇ ಓದು ಮುಗಿಸಿದಳು. ನನ್ನನ್ನು ಎರಡು ವರ್ಷ ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಮನೆಯ ಮುಂದೆ ಗುರುತಿಲ್ಲದ ಕಾರು ನಿಂತರೆ ಈಗಲೂ ಪರದೆ ಸರಿಸಿ ನೋಡುತ್ತೇನೆ. ಪತ್ರಿಕೆ ಆಮೇಲೆ ಕಾಗದ ಬಿಟ್ಟು ಫೋನಿನೊಳಗೆ ಸೇರಿತು. ಈಗ ನಿಮ್ಮ ತಪ್ಪನ್ನು ಟ್ರಕ್ಕಿನಲ್ಲಿ ತುಂಬಿಕೊಂಡು ಬರುವ ಅವಕಾಶವೂ ಇಲ್ಲ. ಅದಕ್ಕೇ ನಿಮ್ಮನ್ನು ಕಂಡರೆ ನನಗೆ ದಿಗಿಲು.

ನಾನು ನಿವೃತ್ತಳಾಗುವ ವರ್ಷ ಅಂತೋನ್ ಒಂದು ಆಸೆ ಹೇಳಿದರು. ಗಂಗವ್ವ ಆಗ ಆಸ್ಟಿನ್‌ನಲ್ಲಿ ಒಂದು ಮೆಸ್ಸಿನಲ್ಲಿ ಅಡುಗೆ ಮಾಡಿಕೊಂಡು, ಒಂದು ಕೋಣೆಯ ಮನೆಯಲ್ಲಿದ್ದಳು. ಆ ಲೇಖನವನ್ನು ಅವಳಿಗೆ ಓದಿ ಹೇಳಬೇಕು, ಅದರಲ್ಲಿ ಎಲ್ಲಿ ತಪ್ಪಿದೆ ಎಂದು ಕೇಳಬೇಕು ಎಂದರು. ಹೋದೆವು. ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಗಂಗವ್ವ ಹಿಟ್ಟು ನಾದುತ್ತ ಕೇಳಿದಳು. ಕರಿಂಡಿಯ ಸಾಲಿಗೆ ನಕ್ಕಳು. ಮುಗಿದ ಮೇಲೆ, ‘ಎಲ್ಲಾ ಖರೆ ಐತ್ರಿ. ಒಂದು ಸುಳ್ಳೈತಿ’ ಎಂದಳು.

‘ಯಾವುದು?’

‘ಮನೀ ಮಂದಿಗೆ ಅಂಜಿ ನಡುಗ್ತಿದ್ದಳು ಅಂತ ಬರದೀರಲ್ರೀ. ಅವರ ರೀತಿ ನನಗ ಗೊತ್ತಿತ್ತು, ಹೆಂಗಿರಬೇಕು ಅನ್ನೂದೂ ಗೊತ್ತಿತ್ತು. ನಾ ಅಂಜಿ ನಡುಗ್ತಿದ್ದದ್ದು ನಿಮಗ್ರೀ ಅಕ್ಕಾರ. ನಾ ಮಾತಾಡಾಕ ಚಾಲೂ ಮಾಡಿದ ಕೂಡ್ಲೇ ನೀವು ಬುಕ್ಕು ತಗೀತಿದ್ರಿ. ಏನ ಬರೀತಾರೋ, ಎಲ್ಲಿಗೆ ಒಯ್ತಾರೋ ಅಂತ ಎದಿ ಹೊಡಕೊಳ್ತಿತ್ತು.’

ನಾನು ತಲೆ ತಗ್ಗಿಸಿ ಅದನ್ನು ಅಂತೋನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

‘ಆ ಕಾರ್ಖಾನೆಯ ಹೆಂಗಸು’ ಎಂದರು. ‘ಸಿಟ್ಟಿಗೆ ಉತ್ತರ ಬರೆಯಲಿಲ್ಲ ಅಂದುಕೊಂಡಿದ್ದೆ. ಪ್ರತಿ ವರ್ಷ ನನ್ನ ಅಕ್ಷರ ಕಂಡಾಗ ಅವಳು ಹೆದರಿರಬೇಕು.’

ಈ ಮಾತು ಮರೆಯಬಾರದು ಎನ್ನಿಸಿತು. ಅಭ್ಯಾಸ ನೋಡಿ, ನನ್ನ ಕೈ ತಾನಾಗಿ ಚೀಲಕ್ಕೆ ಹೋಗಿ ನೋಟ್‌ಬುಕ್ಕು ತೆಗೆಯಿತು. ತಟ್ಟೆಗೆ ರೊಟ್ಟಿ ಹಾಕಲು ಬಂದಿದ್ದ ಗಂಗವ್ವನ ಕೈ ಅಲ್ಲೇ ನಿಂತುಬಿಟ್ಟಿತು.

ನಾನು ನೋಟ್‌ಬುಕ್ಕು ಮುಚ್ಚಿ ಚೀಲದೊಳಗಿಟ್ಟು, ಚೀಲವನ್ನು ಬಾಗಿಲ ಹೊರಗೆ ಇಟ್ಟು ಬಂದೆ. ಆಮೇಲೆ ಅವಳು ರೊಟ್ಟಿ ಬಡಿಸಿದಳು.